ಗಣಕ ಪ್ರಶ್ನೋತ್ತರ: ಫೈಲ್ ತೆಗೆಯುವ ಮೊದಲು ನಮ್ಮನ್ನು ಕೇಳಬಾರದೇ?

ಈ ತಿಂಗಳು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಒಂದೇ ತಕರಾರು ಬೇರೆ ಬೇರೆ ರೂಪದಲ್ಲಿದೆ: ಅನುಮಾನ ಬಂದ ಫೈಲನ್ನು ಆ್ಯಂಟಿವೈರಸ್ ಯಾರನ್ನೂ ಕೇಳದೆ ತೆಗೆದುಬಿಡುತ್ತದೆ. ಆದ್ದರಿಂದ ಈ ಸಲದ ಅಂಕಣವನ್ನು ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಗದಗದಲ್ಲಿ ನಮ್ಮದೊಂದು ಚಿಕ್ಕ ಮುದ್ರಣಾಲಯವಿದೆ. ಲಗ್ನಪತ್ರಿಕೆಗಳ ಕೆಲಸ ಜೋರಾಗಿದ್ದ ಒಂದು ಮುಂಜಾನೆ ಡಿಟಿಪಿ ಕಂಪ್ಯೂಟರ್ ಚಾಲೂ ಮಾಡಿದಾಗ, ಹದಿನೈದು ವರ್ಷಗಳಿಂದ ಬಳಸುತ್ತಿದ್ದ ಕನ್ನಡ ಟೈಪಿಂಗ್ ತಂತ್ರಾಂಶ ತೆರೆಯಲೇ ಇಲ್ಲ. ಅದರ ಐಕಾನ್ ಬರೀ ಬಿಳಿ ಹಾಳೆಯಂತಾಗಿತ್ತು. ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಅದನ್ನು ಅಳಿಸಿದೆ ಎಂದು ಸರ್ವಿಸ್ ಹುಡುಗ ಹೇಳಿ, ಆ್ಯಂಟಿವೈರಸ್ಸನ್ನೇ ಬಂದ್ ಮಾಡಿ, ತಂತ್ರಾಂಶವನ್ನು ಹೊಸದಾಗಿ ಹಾಕಿಕೊಟ್ಟ. ಮರುದಿನ ಮತ್ತೆ ಅದೇ ಪಾಡು. ಹಿಂದಿನ ಆ್ಯಂಟಿವೈರಸ್‌ಗಳು ‘ಏನು ಮಾಡಲಿ?’ ಎಂದು ನಮ್ಮನ್ನು ಕೇಳುತ್ತಿದ್ದವು. ಆ ಅಧಿಕಾರವನ್ನು ಮರಳಿ ಪಡೆಯುವ ದಾರಿ ಇದ್ದರೆ ತಿಳಿಸಿರಿ. (ಮುದ್ರಣಾಲಯದ ಮಾಲೀಕರು, ಗದಗ)

ಉತ್ತರ: ಮೊದಲಿಗೆ ಒಂದು ಸಮಾಧಾನದ ಮಾತು. ನಿಮ್ಮ ಫೈಲ್ ಬಹುಶಃ ಅಳಿದಿಲ್ಲ, ಕ್ವಾರಂಟೈನ್ ಆಗಿದೆ. 2020ರಲ್ಲಿ ಮನೆಮನೆಯ ಮಾತಾದ ಈ ಶಬ್ದ ಆ್ಯಂಟಿವೈರಸ್ ಜಗತ್ತಿನಲ್ಲಿ ಬಹಳ ಹಿಂದಿನಿಂದಲೂ ಇದೆ. ನನ್ನ ಮಟ್ಟಿಗೆ ಅದಕ್ಕೆ ನಮ್ಮ ಭಾಗದ ‘ಕೊಂಡವಾಡ’ ಎಂಬ ಶಬ್ದವೇ ಹೆಚ್ಚು ಒಪ್ಪುತ್ತದೆ. ಬಿಡಾಡಿ ದನವನ್ನು ಕೊಂಡವಾಡಕ್ಕೆ ಹಾಕಿದರೆ ಅದು ಸಾಯುವುದಿಲ್ಲ, ಆದರೆ ಯಾರ ಹೊಲಕ್ಕೂ ನುಗ್ಗಲಾರದು. ಮಾಲೀಕ ಬಂದು ಗುರುತು ಹೇಳಿ ದಂಡ ಕಟ್ಟಿದರೆ ಬಿಡಿಸಿಕೊಂಡು ಹೋಗಬಹುದು. ಹಾಗೆಯೇ ಆ್ಯಂಟಿವೈರಸ್ ಅನುಮಾನಾಸ್ಪದ ಫೈಲನ್ನು ಅದರ ಜಾಗದಿಂದ ಎತ್ತಿ, ಯಾವ ಪ್ರೋಗ್ರಾಮೂ ಚಲಾಯಿಸಲಾಗದಂತೆ ಅದರ ಒಳಗಿನ ಅಕ್ಷರಗಳನ್ನು ಬದಲಿಸಿ, ತನ್ನದೇ ಒಂದು ಫೋಲ್ಡರಿನಲ್ಲಿ ಕೂಡಿಹಾಕುತ್ತದೆ. ಮೂಲದಲ್ಲಿ ಅದು ಎಲ್ಲಿತ್ತು ಎಂಬುದನ್ನೂ ಬರೆದಿಟ್ಟುಕೊಳ್ಳುತ್ತದೆ. ‘ವಿಂಡೋಸ್ ಸೆಕ್ಯುರಿಟಿ’ ತೆರೆದು, ‘ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್’ ಒಳಗಿನ ‘ಪ್ರೊಟೆಕ್ಷನ್ ಹಿಸ್ಟರಿ’ಗೆ ಹೋದರೆ ಯಾವ ಫೈಲನ್ನು, ಯಾವ ಹೊತ್ತಿಗೆ, ಯಾವ ಆರೋಪದ ಮೇಲೆ ಹಿಡಿಯಲಾಗಿದೆ ಎಂಬ ವಿವರ ಸಿಗುತ್ತದೆ; ಅಲ್ಲಿಯ ‘ಆ್ಯಕ್ಷನ್ಸ್’ ಗುಂಡಿಯಲ್ಲಿ ‘ರಿಸ್ಟೋರ್’ ಎಂಬ ಆಯ್ಕೆ ಇರುತ್ತದೆ. ಕಂಪ್ಯೂಟರಿನಲ್ಲಿ ಬೇರೆ ಕಂಪನಿಯ ಆ್ಯಂಟಿವೈರಸ್ ಇದ್ದರೆ ವಿಂಡೋಸ್‌ನದು ತಾನಾಗಿ ಹಿಂದೆ ಸರಿದಿರುತ್ತದೆ. ಆಗ ಆ ಕಂಪನಿಯ ಕೊಂಡವಾಡವನ್ನೇ ಹುಡುಕಬೇಕು.

ಸರ್ವಿಸ್ ಹುಡುಗ ಮಾಡಿದ ಉಪಾಯ ಒಂದೇ ದಿನ ನಡೆದದ್ದಕ್ಕೆ ಕಾರಣ ಸರಳ. ‘ರಿಯಲ್ ಟೈಮ್ ಪ್ರೊಟೆಕ್ಷನ್’ ಸ್ವಿಚ್ಚನ್ನು ಬಂದ್ ಮಾಡಿದರೂ ಸ್ವಲ್ಪ ಹೊತ್ತಿನ ಮೇಲೆ ಅದು ತಾನಾಗಿ ಮತ್ತೆ ಚಾಲೂ ಆಗುವಂತೆ ವಿಂಡೋಸ್ ಅನ್ನು ರೂಪಿಸಲಾಗಿದೆ. ಇದನ್ನು ಅದರ ದೋಷವೆಂದು ನಾನು ಎಣಿಸುವುದಿಲ್ಲ. ದಿನವಿಡೀ ಗಿರಾಕಿಗಳ ಪೆನ್‌ಡ್ರೈವ್ ಚುಚ್ಚಿಸಿಕೊಳ್ಳುವ ಮುದ್ರಣಾಲಯದ ಕಂಪ್ಯೂಟರಿಗೆ ಕಾವಲಿಲ್ಲದಿದ್ದರೆ ಒಂದು ವಾರವೂ ಸುರಕ್ಷಿತವಾಗಿ ಉಳಿಯದು.

ಇನ್ನು ನಿಮ್ಮ ತಂತ್ರಾಂಶವೇ ಏಕೆ ಸಿಕ್ಕಿಬಿತ್ತು? ಹಳೆಯ ಕಾಲದ ಕನ್ನಡ ಟೈಪಿಂಗ್ ತಂತ್ರಾಂಶಗಳು ನೀವು ಒತ್ತುವ ಪ್ರತಿಯೊಂದು ಕೀಲಿಯನ್ನೂ ನಡುವೆಯೇ ಹಿಡಿದು, ಅದರ ಬದಲಿಗೆ ಕನ್ನಡ ಅಕ್ಷರದ ಸಂಕೇತವನ್ನು ಮುಂದಕ್ಕೆ ಕಳಿಸುತ್ತವೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಎಂಬ ದುಷ್ಟ ಪ್ರೋಗ್ರಾಮ್ ಮಾಡುವುದೂ ಇದರ ಮೊದಲರ್ಧವನ್ನೇ. ಪ್ರೋಗ್ರಾಮಿನ ನಡತೆ ನೋಡಿ ತೀರ್ಪು ಕೊಡುವ ಇಂದಿನ ಆ್ಯಂಟಿವೈರಸ್ಸಿಗೆ, ತಯಾರಕರ ಡಿಜಿಟಲ್ ಸಹಿಯೂ ಇಲ್ಲದ ಇಂಥ ಹಳೆಯ ಫೈಲ್ ಕಂಡರೆ ಸಂಶಯ ಬರುವುದು ಸಹಜ. ಆದರೆ ಸಹಜವಾದ ಸಂಶಯವೆಲ್ಲ ಸುಳ್ಳು ಸಂಶಯವೂ ಅಲ್ಲ. ಆದ್ದರಿಂದ ಬಿಡಿಸಿಕೊಂಡು ಬಂದ ಮೇಲೆ, ತೆರೆಯುವ ಮೊದಲು, ನೀವು ದಂಡ ಕಟ್ಟಲೇಬೇಕು. ಆ ದಂಡವೆಂದರೆ ಹತ್ತು ನಿಮಿಷದ ತನಿಖೆ.

ಆರೋಪದ ಹೆಸರನ್ನು ಓದಿರಿ. ಮೈಕ್ರೋಸಾಫ್ಟ್ ಕೊಡುವ ಹೆಸರಿನ ಕೊನೆಯಲ್ಲಿ ಆಶ್ಚರ್ಯಸೂಚಕ ಚಿಹ್ನೆ ಮತ್ತು ‘ಎಂಎಲ್’ ಎಂಬ ಎರಡು ಅಕ್ಷರಗಳಿದ್ದರೆ, ಅದು ಯಂತ್ರಕಲಿಕೆಯ ಲೆಕ್ಕಾಚಾರದಿಂದ ಬಂದ ಊಹೆ ಎಂದರ್ಥ; ಅಲ್ಲಿ ತಪ್ಪಿಗೆ ಅವಕಾಶ ಹೆಚ್ಚು. ಅದರ ನಂತರ ಫೈಲಿನ ಬೆರಳಚ್ಚನ್ನು, ಅಂದರೆ ಅದೊಂದನ್ನೇ ಗುರುತಿಸುವ ಸಂಕೇತವನ್ನು, ಪಡೆಯಿರಿ. ಸೆವೆನ್‌ಜಿಪ್ ತಂತ್ರಾಂಶವಿದ್ದರೆ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಶಾ-256’ ಎಂಬುದನ್ನು ಆರಿಸಿದಾಗ 64 ಅಂಕಿ-ಅಕ್ಷರಗಳ ಒಂದು ಸಾಲು ಬರುತ್ತದೆ. ಫೈಲಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಈ ಸಾಲು ಪೂರ್ತಿ ಬದಲಾಗುತ್ತದೆ. 2004ರಲ್ಲಿ ಸ್ಪೇನಿನಲ್ಲಿ ಹುಟ್ಟಿ 2012ರಿಂದ ಗೂಗಲ್ ಒಡೆತನದಲ್ಲಿರುವ ವೈರಸ್‌ಟೋಟಲ್ ತಾಣದ ಹುಡುಕುವ ಜಾಗದಲ್ಲಿ ಆ ಸಾಲನ್ನು ಅಂಟಿಸಿದರೆ, ಸುಮಾರು 70 ಆ್ಯಂಟಿವೈರಸ್‌ಗಳು ಆ ಫೈಲಿನ ಬಗ್ಗೆ ಏನು ಹೇಳುತ್ತವೆ ಎಂಬುದೂ, ಅದು ಆ ತಾಣಕ್ಕೆ ಮೊದಲ ಸಲ ಯಾವಾಗ ಬಂದಿತ್ತು ಎಂಬುದೂ ಕಾಣುತ್ತದೆ. ನಿಮ್ಮ ಪ್ರಕರಣದಲ್ಲಿ ಆ ದಿನಾಂಕವೇ ಮುಖ್ಯ. ಎಷ್ಟೋ ಮುದ್ರಣಾಲಯಗಳಲ್ಲಿ ಬಳಕೆಯಲ್ಲಿರುವ ಹಳೆಯ ತಂತ್ರಾಂಶದ ಶುದ್ಧ ಪ್ರತಿ ಅಲ್ಲಿಗೆ ವರ್ಷಗಳ ಹಿಂದೆಯೇ ಬಂದಿರುವ ಸಂಭವ ಹೆಚ್ಚು. ಹಾಗಿದ್ದು, ಎರಡು-ಮೂರು ಅಪರಿಚಿತ ಆ್ಯಂಟಿವೈರಸ್‌ಗಳು ಮಾತ್ರ ತಕರಾರು ತೆಗೆದಿದ್ದರೆ ನಿಶ್ಚಿಂತೆಯಿಂದಿರಿ. ಅದರ ಬದಲು, ಹದಿನೈದು ವರ್ಷ ಹಳೆಯದೆನ್ನುವ ನಿಮ್ಮ ಫೈಲಿನ ಬೆರಳಚ್ಚು ಅಲ್ಲಿ ಯಾರಿಗೂ ಗೊತ್ತೇ ಇಲ್ಲವೆಂದಾದರೆ ಅನುಮಾನ ಪಡಬೇಕು. ಸಾಲಿಟಿಯಂಥ ವೈರಸ್‌ಗಳು ಒಳ್ಳೆಯ ಪ್ರೋಗ್ರಾಮಿನ ಫೈಲಿಗೇ ತಮ್ಮನ್ನು ಹೊಲಿದುಕೊಳ್ಳುತ್ತವೆ. ಆಗ ತಂತ್ರಾಂಶದ ಹೆಸರು ಹಳೆಯದೇ ಇರುತ್ತದೆ, ಬೆರಳಚ್ಚು ಮಾತ್ರ ಹೊಸದಾಗಿರುತ್ತದೆ. ಒಂದು ಎಚ್ಚರಿಕೆ: ಬೆರಳಚ್ಚನ್ನು ಹುಡುಕಲು ಯಾವ ಅಡ್ಡಿಯೂ ಇಲ್ಲ, ಆದರೆ ಗಿರಾಕಿಗಳ ಪತ್ರ, ಪಟ್ಟಿಗಳಿರುವ ಫೈಲುಗಳನ್ನು ಆ ತಾಣಕ್ಕೆ ಏರಿಸಬೇಡಿರಿ. ಅಲ್ಲಿಗೆ ಏರಿಸಿದ ಫೈಲು ಭದ್ರತಾ ಕಂಪನಿಗಳ ಕೈಗೂ ಸೇರುತ್ತದೆ.

ತನಿಖೆಯಲ್ಲಿ ತಂತ್ರಾಂಶ ನಿರ್ದೋಷಿಯೆಂದು ತೋರಿದರೆ ಅದಕ್ಕೆ ವಿನಾಯಿತಿ ಕೊಡಬಹುದು. ‘ಎಕ್ಸ್‌ಕ್ಲೂಷನ್ಸ್’ ಎಂಬಲ್ಲಿ ಫೈಲ್, ಫೋಲ್ಡರ್, ಫೈಲಿನ ಬಗೆ, ಪ್ರೊಸೆಸ್ ಎಂಬ ನಾಲ್ಕು ಆಯ್ಕೆಗಳಿವೆ. ನಿಮಗೆ ಬೇಕಾದದ್ದು ಮೊದಲನೆಯದು ಮಾತ್ರ. ಫೋಲ್ಡರಿಗೆ ವಿನಾಯಿತಿ ಕೊಟ್ಟರೆ ನಾಳೆ ಆ ಫೋಲ್ಡರಿಗೆ ಯಾವ ಕಳ್ಳ ಬಂದು ಕೂತರೂ ಕಾವಲುಗಾರ ಆ ಕಡೆ ಕತ್ತೆತ್ತಿ ನೋಡುವುದಿಲ್ಲ. ಒಂಟಿ ಫೈಲಿಗೆ ಕೊಟ್ಟ ವಿನಾಯಿತಿ ಕೂಡ ಆ ಜಾಗಕ್ಕೂ ಆ ಹೆಸರಿಗೂ ಸಲ್ಲುತ್ತದೆಯೇ ಹೊರತು ಒಳಗಿನ ಸರಕಿಗಲ್ಲ ಎಂಬುದು ನೆನಪಿರಲಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಮೊದಲು ಕೇಳುತ್ತಿದ್ದವು ಎಂಬ ನಿಮ್ಮ ನೆನಪು ಸರಿಯಾಗಿದೆ. ಮೈಕ್ರೋಸಾಫ್ಟ್ 2009ರಲ್ಲಿ ತಂದ ‘ಸೆಕ್ಯುರಿಟಿ ಎಸೆನ್ಷಿಯಲ್ಸ್’ನಲ್ಲಿ ಅಪಾಯದ ಮಟ್ಟಕ್ಕೆ ತಕ್ಕಂತೆ ಏನು ಮಾಡಬೇಕೆಂಬುದನ್ನು ಬಳಕೆದಾರರೇ ಪಟ್ಟಿಯಿಂದ ಆರಿಸಿಡಬಹುದಿತ್ತು. ವಿಂಡೋಸ್ 10ರ ಹೊತ್ತಿಗೆ ಆ ಪಟ್ಟಿ ಪರದೆಯಿಂದ ಮಾಯವಾಯಿತು. ಆ ಸೌಲಭ್ಯ ಪೂರ್ತಿ ಹೋಗಿಲ್ಲವಾದರೂ ವಿಂಡೋಸ್ ಪ್ರೊ ಆವೃತ್ತಿಯ ‘ಗ್ರೂಪ್ ಪಾಲಿಸಿ’ ಎಂಬ ನಿಯಮಗಳ ಪಟ್ಟಿಯೊಳಗೆ ಅಥವಾ ಟೈಪ್ ಮಾಡಿ ಕೊಡುವ ‘ಪವರ್‌ಶೆಲ್’ ಆದೇಶಗಳಲ್ಲಿ ಹುಡುಕಬೇಕು. ಬೇರೆ ಕಂಪನಿಗಳಲ್ಲಿ ಇನ್ನೂ ಕೆಲವು ಆಯ್ಕೆಗಳನ್ನು ಬಳಕೆದಾರರಿಗೆ ಬಿಟ್ಟಿದ್ದಾರೆ: ಪುಣೆಯ ಕ್ವಿಕ್ ಹೀಲ್‌ನ ಸ್ಕ್ಯಾನ್ ಸೆಟ್ಟಿಂಗ್‌ಗಳಲ್ಲಿ ರಿಪೇರ್, ಡಿಲೀಟ್, ಸ್ಕಿಪ್ ಎಂಬ ಆಯ್ಕೆಗಳಿವೆ, ಇಸೆಟ್‌ನಲ್ಲಿ ಪ್ರತಿ ಸಲವೂ ಬಳಕೆದಾರರನ್ನು ಕೇಳುವಂತೆ ಹೊಂದಿಸಲು ಬರುತ್ತದೆ.

ಆದರೂ ‘ಕೇಳಿ ಮಾಡು’ ಎಂಬ ಆಯ್ಕೆಯನ್ನು ನಾನು ಶಿಫಾರಸು ಮಾಡಲಾರೆ. ಆ್ಯಂಟಿವೈರಸ್ ಆ ಪ್ರಶ್ನೆ ಕೇಳುವುದು ಫೈಲ್ ತೆರೆದ ಕ್ಷಣದಲ್ಲಿ, ಅಂದರೆ ನಾವು ಕೆಲಸದ ಗಡಿಬಿಡಿಯಲ್ಲಿರುವಾಗ. ನಾನೇ ಒಮ್ಮೆ ಮುಂದೆ ಕೂತ ಅತಿಥಿಯೊಂದಿಗೆ ಮಾತಾಡುತ್ತ, ಪರದೆಯ ಮೇಲೆ ಬಂದ ಪೆಟ್ಟಿಗೆಯನ್ನು ಓದದೆ ‘ಅಲೌ’ ಒತ್ತಿ, ಆ ಸಂಜೆಯೆಲ್ಲ ಅದರ ಫಲ ಉಂಡಿದ್ದೇನೆ. ಇದಕ್ಕೆ ವಿರುದ್ಧ ತುದಿಯಲ್ಲಿರುವ ‘ಸಿಕ್ಕಿದ್ದನ್ನು ಅಳಿಸು’ ಎಂಬ ಆಯ್ಕೆಯಂತೂ ಬೇಡವೇ ಬೇಡ, ಏಕೆಂದರೆ ಆ್ಯಂಟಿವೈರಸ್ ಎಡವುವುದು ಅಪರೂಪವಾದರೂ ಎಡವಿದಾಗ ಬಲವಾಗಿಯೇ ಎಡವುತ್ತದೆ. 2010ರ ಏಪ್ರಿಲ್ 21ರಂದು ಮ್ಯಾಕಫಿ ಕಂಪನಿಯ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಜೀವಾಳವಾದ ‘ಎಸ್‌ವಿಸಿಹೋಸ್ಟ್’ ಫೈಲನ್ನೇ ವೈರಸ್ಸೆಂದು ಹಿಡಿದದ್ದರಿಂದ ಅನೇಕ ದೇಶಗಳಲ್ಲಿ ಕಂಪ್ಯೂಟರ್‌ಗಳು ನೆಟ್‌ವರ್ಕ್ ಕಳೆದುಕೊಂಡು ಮೇಲಿಂದ ಮೇಲೆ ರೀಸ್ಟಾರ್ಟ್ ಆಗತೊಡಗಿದವು. 2012ರ ಸೆಪ್ಟೆಂಬರಿನಲ್ಲಿ ಸೋಫೋಸ್ ಆ್ಯಂಟಿವೈರಸ್ ತನ್ನದೇ ಅಪ್‌ಡೇಟ್ ಫೈಲುಗಳನ್ನು ಕಳ್ಳರೆಂದು ಹಿಡಿಯಿತು. ಫೈಲನ್ನು ತಡೆದು ನಿಲ್ಲಿಸುವಂತೆ ಮಾತ್ರ ಹೊಂದಿಸಿಕೊಂಡಿದ್ದವರು ಬೇಗ ಪಾರಾದರು, ಅಳಿಸುವಂತೆ ಹೊಂದಿಸಿದ್ದವರಿಗೆ ದುರಸ್ತಿಯ ಕೆಲಸ ಹೆಚ್ಚಾಯಿತು. ಆದ್ದರಿಂದ ನನ್ನ ಸಲಹೆ ಇಷ್ಟು: ಹಿಡಿಯುವ ಅಧಿಕಾರವನ್ನು ಯಂತ್ರಕ್ಕೇ ಬಿಡಿರಿ, ಎಲ್ಲ ಮಟ್ಟದ ಅಪಾಯಕ್ಕೂ ‘ಕ್ವಾರಂಟೈನ್’ ಎಂದು ನಿಗದಿ ಮಾಡಿರಿ, ಕೊಂಡವಾಡದ ಕೀಲಿಯನ್ನು ಮಾತ್ರ ನಿಮ್ಮ ಬಳಿ ಇಟ್ಟುಕೊಳ್ಳಿರಿ. ಕ್ವಿಕ್ ಹೀಲ್ ಬಳಸುವವರು ‘ಕ್ರಮ ಕೈಗೊಳ್ಳುವ ಮೊದಲು ಬ್ಯಾಕಪ್’ ಎಂಬ ಅರ್ಥದ ಗುರುತಿಗೆ ಟಿಕ್ ಹಾಕಿಟ್ಟರೆ ಅದೇ ಫಲ ಸಿಗುತ್ತದೆ.

ಪ್ರಶ್ನೆ: ನಾನು ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಝೆರಾಕ್ಸ್ ಅಂಗಡಿಯಲ್ಲಿ ಎರಡು ಅಧ್ಯಾಯಗಳ ಪ್ರಿಂಟ್ ತೆಗೆಸಿ, ರೂಮಿಗೆ ಬಂದು ಪೆನ್‌ಡ್ರೈವ್ ಹಾಕಿದ ಕೂಡಲೇ ಆ್ಯಂಟಿವೈರಸ್ ‘ನಾಲ್ಕು ಅಪಾಯಗಳನ್ನು ತೆಗೆದಿದ್ದೇನೆ’ ಎಂದಿತು. ತೆರೆದು ನೋಡಿದರೆ ಪೆನ್‌ಡ್ರೈವ್ ಪೂರ್ತಿ ಖಾಲಿ. ಕ್ವಾರಂಟೈನ್‌ನಲ್ಲಿಯೂ ನನ್ನ ಅಧ್ಯಾಯಗಳಿಲ್ಲ. ಮೂರು ವರ್ಷದ ಶ್ರಮ ಹೋಯಿತೇ? (ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಹೋಗಿಲ್ಲ. ಪೆನ್‌ಡ್ರೈವಿನ ಹೆಸರಿನ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ನೋಡಿರಿ. ಒಳಗೆ ಏನೂ ಕಾಣದಿದ್ದರೂ ವೃತ್ತದಲ್ಲಿ ಒಂದಷ್ಟು ಜಾಗ ತುಂಬಿರುವುದು ಕಂಡರೆ, ನಿಮ್ಮ ಬರಹ ಅಲ್ಲಿಯೇ ಇದೆ ಎಂದು ತಿಳಿಯಿರಿ.

ಝೆರಾಕ್ಸ್ ಅಂಗಡಿಗಳ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾದ ಈ ಉಪದ್ರವವನ್ನು ಜನ ‘ಶಾರ್ಟ್‌ಕಟ್ ವೈರಸ್’ ಎನ್ನುತ್ತಾರೆ. ಅದು ನಿಮ್ಮ ಫೋಲ್ಡರುಗಳನ್ನು ಮುಟ್ಟಿ ಕೆಡಿಸುವುದಿಲ್ಲ. ಅವುಗಳಿಗೆ ‘ಹಿಡನ್’ ಮತ್ತು ‘ಸಿಸ್ಟಮ್’ ಎಂಬ ಎರಡು ಗುರುತುಗಳನ್ನು ಹಚ್ಚಿ ಕಣ್ಣಿಗೆ ಬೀಳದಂತೆ ಮಾಡಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಮುಂದೆ ಇಡುತ್ತದೆ. ನೀವು ಶಾರ್ಟ್‌ಕಟ್ ಒತ್ತಿದಾಗ ಮೊದಲು ವೈರಸ್ ಓಡುತ್ತದೆ, ಹಿಂದೆಯೇ ನಿಮ್ಮ ಫೋಲ್ಡರೂ ತೆರೆಯುವುದರಿಂದ ಅನುಮಾನ ಬರುವುದಿಲ್ಲ. ನಿಮ್ಮ ಆ್ಯಂಟಿವೈರಸ್ ಆ ನಾಲ್ಕು ನಕಲಿ ಶಾರ್ಟ್‌ಕಟ್‌ಗಳನ್ನು ಸರಿಯಾಗಿಯೇ ಹಿಡಿದಿದೆ, ಆದರೆ ಬಚ್ಚಿಟ್ಟ ಫೋಲ್ಡರುಗಳ ಗುರುತು ತೆಗೆಯುವ ಅರ್ಧ ಕೆಲಸವನ್ನು ಬಿಟ್ಟಿದೆ. ಕೆಲವು ಆ್ಯಂಟಿವೈರಸ್‌ಗಳು ಅದನ್ನೂ ಮಾಡುತ್ತವೆ, ಕೆಲವು ಮಾಡುವುದಿಲ್ಲ.

ಫೈಲ್ ಎಕ್ಸ್‌ಪ್ಲೋರರಿನ ‘ವ್ಯೂ’ ಪಟ್ಟಿಯಲ್ಲಿ ‘ಹಿಡನ್ ಐಟಮ್ಸ್’ ಎಂಬುದಕ್ಕೆ ಟಿಕ್ ಹಾಕಿರಿ. ಇಷ್ಟಕ್ಕೇ ಕಾಣದಿದ್ದರೆ ‘ಫೋಲ್ಡರ್ ಆಪ್ಷನ್ಸ್’ ತೆರೆದು ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಎಂಬುದರ ಟಿಕ್ ತೆಗೆಯಿರಿ. ವಿಂಡೋಸ್ ಒಮ್ಮೆ ಎಚ್ಚರಿಸುತ್ತದೆ, ‘ಯೆಸ್’ ಎನ್ನಿರಿ. ಆಗ ಮಸುಕಾದ ಬಣ್ಣದಲ್ಲಿ ನಿಮ್ಮ ಫೋಲ್ಡರುಗಳು ಕಾಣುತ್ತವೆ. ಕೆಲವು ಬಗೆಯ ವೈರಸ್‌ಗಳು ಎಲ್ಲವನ್ನೂ ಹೆಸರೇ ಇಲ್ಲದ ಒಂದು ಫೋಲ್ಡರಿನೊಳಗೆ ತುಂಬಿರುತ್ತವೆ. ಐಕಾನಿನ ಕೆಳಗೆ ಬರೀ ಖಾಲಿ ಜಾಗವಿದ್ದರೂ ಅದನ್ನು ತೆರೆದು ನೋಡಿರಿ. ಸಿಕ್ಕಿದ ವರ್ಡ್ ಮತ್ತು ಪಿಡಿಎಫ್ ಫೈಲುಗಳನ್ನು ಮಾತ್ರ ಕಂಪ್ಯೂಟರಿಗೆ ನಕಲು ಮಾಡಿಕೊಂಡು, ಅವು ತೆರೆಯುತ್ತವೆಯೇ ಎಂದು ಪರೀಕ್ಷಿಸಿ, ಆಮೇಲೆ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿರಿ. ಮೊದಲು ತೆಗೆದ ಆ ಟಿಕ್ಕನ್ನು ಮತ್ತೆ ಹಾಕುವುದನ್ನು ಮರೆಯಬೇಡಿರಿ.

ಮುಂದೆ ಪ್ರಿಂಟಿಗೆ ಹೋಗುವಾಗ ಪಿಡಿಎಫ್ ಮಾತ್ರವಿರುವ ಬೇರೆ ಪೆನ್‌ಡ್ರೈವ್ ಒಯ್ಯಿರಿ. ಮೂರು ವರ್ಷದ ಬರಹದ ಏಕೈಕ ಪ್ರತಿ ಪೆನ್‌ಡ್ರೈವಿನಲ್ಲಿತ್ತು ಎಂಬುದನ್ನು ಓದಿ, ವೈರಸ್ಸಿಗಿಂತ ಹೆಚ್ಚಾಗಿ ಅದಕ್ಕೇ ನನಗೆ ಗಾಬರಿಯಾಯಿತು.

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರ ಲೆಕ್ಕ ಬರೆಯುತ್ತೇನೆ. ನಮ್ಮ ಲೆಕ್ಕಪತ್ರದ ತಂತ್ರಾಂಶವನ್ನು ಪರಿಚಯದವರೊಬ್ಬರು ದುಡ್ಡು ಕೊಡದೆ ನಡೆಯುವಂತೆ ಮಾಡಿಕೊಟ್ಟಿದ್ದಾರೆ. ಅದರ ಒಂದು ಫೈಲನ್ನು ಆ್ಯಂಟಿವೈರಸ್ ‘ಹ್ಯಾಕ್‌ಟೂಲ್’ ಎಂದು ಮತ್ತೆ ಮತ್ತೆ ಹಿಡಿಯುತ್ತಿತ್ತು. ಕೊನೆಗೆ ಅವರು ಡಿ ಡ್ರೈವ್ ಪೂರ್ತಿಯನ್ನು ವಿನಾಯಿತಿ ಪಟ್ಟಿಗೆ ಸೇರಿಸಿದರು. ಈಗ ತೊಂದರೆಯಿಲ್ಲ. ಇದು ಆ್ಯಂಟಿವೈರಸ್ಸಿನ ತಪ್ಪು ಪತ್ತೆಯಲ್ಲವೇ? (ಗುಮಾಸ್ತರು, ಬ್ಯಾಡಗಿ)

ಉತ್ತರ: ಅಲ್ಲ. ‘ಹ್ಯಾಕ್‌ಟೂಲ್’ ಎಂಬ ಹೆಸರಿನಲ್ಲಿ ಸುಳ್ಳೇನೂ ಇಲ್ಲ. ಲೈಸೆನ್ಸ್ ಬೀಗ ಮುರಿಯುವ ಸಾಧನಗಳಿಗೆ ಕೊಡುವ ಹೆಸರೇ ಅದು. ಬೀಗ ಮುರಿದುಕೊಟ್ಟವರು ಅದರ ಜೊತೆಗೆ ಇನ್ನೇನನ್ನು ಒಳಗೆ ಬಿಟ್ಟಿದ್ದಾರೆ ಎಂಬುದನ್ನು ನೀವಾಗಲಿ ನಾನಾಗಲಿ ಹೊರಗಿನಿಂದ ನೋಡಿ ಹೇಳಲಾರೆವು. ಸಂದೇಹದ ಲಾಭವನ್ನು ಗದಗದ ಮಾಲೀಕರ ಫೈಲಿಗೆ ಕೊಡಬಹುದಿತ್ತು, ನಿಮ್ಮ ಫೈಲಿಗೆ ಕೊಡಲಾಗದು.

ಅದಕ್ಕಿಂತ ದೊಡ್ಡ ಅಪಾಯ ಆ ವಿನಾಯಿತಿಯಲ್ಲಿದೆ. ಆವಕ ಜೋರಾಗಿರುವ ದಿನಗಳಲ್ಲಿ ರೈತರ ಪಟ್ಟಿ, ಖರೀದಿದಾರರ ಬಾಕಿ, ಹಮಾಲಿ ಲೆಕ್ಕ ಎಲ್ಲವೂ ಸೇರುವುದು ಅದೇ ಡಿ ಡ್ರೈವಿಗೆ ಎಂದು ನಿಮ್ಮ ಪತ್ರದಿಂದ ಊಹಿಸುತ್ತೇನೆ. ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್ ಅದೇ ಡ್ರೈವಿನಲ್ಲಿ ಬಂದು ಕೂತು ಕೆಲಸ ಆರಂಭಿಸಿದರೆ ಆ್ಯಂಟಿವೈರಸ್ ಅಲ್ಲಿ ಇಣುಕುವುದೂ ಇಲ್ಲ. ಇವತ್ತೇ ಆ ವಿನಾಯಿತಿಯನ್ನು ತೆಗೆದು, ಪೂರ್ತಿ ಸ್ಕ್ಯಾನ್ ಮಾಡಿಸಿ, ಲೆಕ್ಕದ ಡೇಟಾವನ್ನು ಹೊರಗಿನ ಒಂದು ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ನಕಲು ಮುಗಿದ ಕೂಡಲೇ ಅದರ ವೈರನ್ನು ಕಿತ್ತಿಡಿರಿ. ಜೋಡಿಸಿಯೇ ಬಿಟ್ಟ ಡಿಸ್ಕಿಗೂ ರಾನ್ಸಮ್‌ವೇರ್ ಬೀಗ ಹಾಕುತ್ತದೆ. ಲೈಸೆನ್ಸ್ ಖರ್ಚಿನ ಮಾತನ್ನು ಸಾಹುಕಾರರ ಮುಂದೆ ಎತ್ತುವಾಗ ಈ ಪುಟವನ್ನು ತೋರಿಸಬಹುದು.

ನಿಯಂತ್ರಣ ನಿಮ್ಮ ಕೈಯಲ್ಲಿರಬೇಕೆಂದಿದ್ದರೆ ಅದನ್ನು ಇನ್ನೊಂದು ದಿಕ್ಕಿನಲ್ಲಿ ಬಳಸಿರಿ. 2017ರಿಂದ ವಿಂಡೋಸ್ 10ರಲ್ಲಿ, ಈಗ ವಿಂಡೋಸ್ 11ರಲ್ಲಿಯೂ, ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಎಂಬ ಸೌಲಭ್ಯವಿದೆ. ಅದನ್ನು ಚಾಲೂ ಮಾಡಿ ಲೆಕ್ಕದ ಫೋಲ್ಡರನ್ನು ಸೇರಿಸಿದರೆ, ವಿಂಡೋಸ್ ನಂಬಿದ ಅಥವಾ ನೀವು ಒಪ್ಪಿಗೆ ಕೊಟ್ಟ ಪ್ರೋಗ್ರಾಮುಗಳ ಹೊರತು ಬೇರೆ ಯಾವುದೂ ಅಲ್ಲಿಯ ಫೈಲುಗಳನ್ನು ತಿದ್ದಲಾರದು. ಮೊದಲ ದಿನ ನಿಮ್ಮ ಲೆಕ್ಕದ ತಂತ್ರಾಂಶವನ್ನೇ ತಡೆಯಬಹುದು. ಆಗ ಅದಕ್ಕೆ ಹೆಸರು ಹಿಡಿದು ಒಪ್ಪಿಗೆ ಕೊಡಬೇಕು. ಈ ಸೌಲಭ್ಯ ನಡೆಯುವುದು ವಿಂಡೋಸ್‌ನ ಸ್ವಂತ ಆ್ಯಂಟಿವೈರಸ್ ಚಾಲೂ ಇದ್ದಾಗ ಮಾತ್ರ.

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ನಮ್ಮ ಚಿಕ್ಕ ಕಾರ್ಖಾನೆಯಿದೆ. ಒಂದು ಕೆಟ್ಟ ಇಮೇಲ್ ಬಂದದ್ದಕ್ಕೆ ಆ್ಯಂಟಿವೈರಸ್ ಥಂಡರ್‌ಬರ್ಡ್ ಎಂಬ ನಮ್ಮ ಇಮೇಲ್ ತಂತ್ರಾಂಶದ ಇನ್‌ಬಾಕ್ಸನ್ನೇ ಖಾಲಿ ಮಾಡಿದೆ. ಇಲಿ ಹಿಡಿಯಲು ಮನೆಗೇ ಬೆಂಕಿ ಹಚ್ಚಿದಂತಾಗಲಿಲ್ಲವೇ? (ಉದ್ಯಮಿ, ಹುಬ್ಬಳ್ಳಿ)

ಉತ್ತರ: ಮಾತು ಸರಿ, ಆದರೆ ಆ್ಯಂಟಿವೈರಸ್ಸಿಗೆ ಅದು ಮನೆಯೆಂದು ಗೊತ್ತಿರಲಿಲ್ಲ. ಥಂಡರ್‌ಬರ್ಡ್ ಸಾಮಾನ್ಯವಾಗಿ ಇನ್‌ಬಾಕ್ಸಿನ ಎಲ್ಲ ಪತ್ರಗಳನ್ನೂ ಒಂದೇ ಉದ್ದನೆಯ ಫೈಲಿನಲ್ಲಿ ಒಂದರ ಕೆಳಗೊಂದು ಬರೆದಿಡುತ್ತದೆ. ಅದರೊಳಗೆ ಒಂದು ಪತ್ರದಲ್ಲಿ ವೈರಸ್ ಇದ್ದರೂ ಹೊರಗಿನಿಂದ ನೋಡುವ ಆ್ಯಂಟಿವೈರಸ್ಸಿಗೆ ಇಡೀ ಫೈಲೇ ಅಪರಾಧಿ. ಕ್ವಾರಂಟೈನ್‌ನಲ್ಲಿ ‘ಇನ್‌ಬಾಕ್ಸ್’ ಎಂಬ ಹೆಸರಿನ ಫೈಲಿದೆಯೇ ನೋಡಿರಿ. ಇದ್ದರೆ ಥಂಡರ್‌ಬರ್ಡನ್ನು ಮುಚ್ಚಿ, ಈಗಿರುವ ಖಾಲಿ ಇನ್‌ಬಾಕ್ಸ್ ಫೈಲಿನ ಹೆಸರು ಬದಲಿಸಿ, ಹಳೆಯದನ್ನು ರಿಸ್ಟೋರ್ ಮಾಡಿ, ಮೊದಲ ಕೆಲಸವಾಗಿ ಆ ಕೆಟ್ಟ ಪತ್ರವನ್ನು ಅಳಿಸಿ, ಟ್ರ್ಯಾಶ್ ಖಾಲಿ ಮಾಡಿ, ‘ಕಾಂಪ್ಯಾಕ್ಟ್’ ಆದೇಶ ಕೊಡಿರಿ. ಕಾಂಪ್ಯಾಕ್ಟ್ ಮಾಡುವವರೆಗೆ ಅಳಿಸಿದ ಪತ್ರವೂ ಫೈಲಿನೊಳಗೆ ಉಳಿದಿರುತ್ತದೆ. ಮುಂದಿನ ದಿನಗಳಿಗಾಗಿ ಥಂಡರ್‌ಬರ್ಡ್‌ನ ಭದ್ರತೆಯ ಸೆಟ್ಟಿಂಗ್‌ಗಳಲ್ಲಿ, ಒಳಬರುವ ಪತ್ರಗಳನ್ನು ಬಿಡಿಬಿಡಿಯಾಗಿ ಕ್ವಾರಂಟೈನ್ ಮಾಡಲು ಆ್ಯಂಟಿವೈರಸ್ಸಿಗೆ ಅವಕಾಶ ಕೊಡುವ ಆಯ್ಕೆಗೆ ಟಿಕ್ ಹಾಕಿಡಿರಿ.

ಪ್ರಶ್ನೆ: ನನ್ನ ಆ್ಯಂಟಿವೈರಸ್ ಫೈಲನ್ನು ಅಳಿಸುತ್ತದೆಯೋ, ಕೂಡಿಹಾಕುತ್ತದೆಯೋ, ನನ್ನನ್ನು ಕೇಳುತ್ತದೆಯೋ ಎಂಬುದನ್ನು ನಿಜವಾದ ವೈರಸ್ ಬರುವ ಮೊದಲೇ ತಿಳಿಯಬಹುದೇ? (ಶಿಕ್ಷಕರು, ರಾಣೆಬೆನ್ನೂರು)

ಉತ್ತರ: ತಿಳಿಯಬಹುದು. ಐಕಾರ್ ಎಂಬ ಯುರೋಪಿನ ಸಂಸ್ಥೆ ಇದಕ್ಕೆಂದೇ 68 ಅಕ್ಷರಗಳ ಒಂದು ಪರೀಕ್ಷಾ ಫೈಲನ್ನು ತನ್ನ ತಾಣದಲ್ಲಿ ಇಟ್ಟಿದೆ. ಅದರಿಂದ ಯಾವ ಹಾನಿಯೂ ಇಲ್ಲ, ಆದರೆ ಅದನ್ನು ವೈರಸ್ಸಿನಂತೆಯೇ ಹಿಡಿಯಬೇಕೆಂದು ಆ್ಯಂಟಿವೈರಸ್ ಕಂಪನಿಗಳು ಒಪ್ಪಿಕೊಂಡಿವೆ. ಅದನ್ನು ಇಳಿಸಿಕೊಳ್ಳಲು ಯತ್ನಿಸಿ, ಪರದೆಯ ಮೇಲೆ ಬರುವ ಸಂದೇಶವನ್ನು ಓದಿ, ಕ್ವಾರಂಟೈನ್ ಪಟ್ಟಿಯಲ್ಲಿ ಅದು ಸೇರಿದೆಯೇ ನೋಡಿರಿ. ಬ್ರೌಸರೇ ಮೊದಲು ತಡೆದರೆ ಅದೇ ಫೈಲಿನ ಜಿಪ್ ರೂಪವನ್ನು ಪ್ರಯತ್ನಿಸಬಹುದು. ಪಟ್ಟಿಯಲ್ಲಿ ಸಿಕ್ಕರೆ ಒಮ್ಮೆ ರಿಸ್ಟೋರ್ ಮಾಡುವ ಅಭ್ಯಾಸವನ್ನೂ ಮಾಡಿಕೊಂಡು, ಆಮೇಲೆ ಅಳಿಸಿರಿ. ಆಗ ಅದಕ್ಕೆ ಕೊಟ್ಟ ಒಪ್ಪಿಗೆ ‘ಅಲೌಡ್ ಥ್ರೆಟ್ಸ್’ ಪಟ್ಟಿಯಲ್ಲಿ ಉಳಿದಿದ್ದರೆ ಅದನ್ನೂ ತೆಗೆಯಿರಿ. ಆ ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಶಾಲೆಯ ಕಂಪ್ಯೂಟರಿಗೆ ಮಾತ್ರ ಚುಚ್ಚಬೇಡಿರಿ. ಅಲ್ಲಿಯ ಆ್ಯಂಟಿವೈರಸ್ಸೂ ಅಷ್ಟೇ ಪ್ರಾಮಾಣಿಕವಾಗಿ ಬೊಬ್ಬೆ ಹೊಡೆಯುತ್ತದೆ.